ಏಳನ್ನು ಹೊಡೆದು ಹತ್ತು

ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಮೇಷ್ಟ್ರು. ಹಿಮೋಗ್ಲೋಬಿನ್ ಅಳೆಯಲು ನಮ್ಮಲ್ಲಿ ಯಂತ್ರವಿರಲಿಲ್ಲ, ಕಣ್ಣೇ ಯಂತ್ರ. ನಳಿಕೆಯಲ್ಲಿ ರಕ್ತಕ್ಕೆ ಆಸಿಡ್ ಬೆರೆಸಿ, ಅದರ ಕಂದು ಬಣ್ಣ ಪಕ್ಕದ ಗಾಜಿನ ಪಟ್ಟಿಗೆ ಹೊಂದುವವರೆಗೆ ಹನಿಹನಿಯಾಗಿ ನೀರು ಬಿಡಬೇಕು. ಹೆಚ್ಚು ನೀರು ಹಿಡಿದರೆ ಹೆಚ್ಚು ರಕ್ತಪುಷ್ಟಿ. ನನ್ನ ಕಣ್ಣಿನ ಮೇಲೆ ನನಗೆ ಎಲ್ಲಿಲ್ಲದ ಜಂಬ.

ಒಂದು ದಿನ ಕುಣಿಗಲ್ ಕಡೆಯ ತುಂಬು ಗರ್ಭಿಣಿಯೊಬ್ಬಳ ರಕ್ತ ಬಂತು. ನನ್ನ ಸಂಶೋಧನೆಯೂ ಬಸುರಿಯರ ರಕ್ತಹೀನತೆಯ ಮೇಲೆಯೇ. ಮರಳೂರಿನಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಪರೀಕ್ಷಿಸಿ ಏಳು ಎಂದು ಬರೆದಳು. ನಾನು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಣ್ಣ ಇನ್ನೂ ಗಾಢವಾಗಿ ಕಂಡಿತು. ಮತ್ತಷ್ಟು ನೀರು ಬಿಟ್ಟೆ, ಹತ್ತಕ್ಕೆ ಬಂತು.

“ಸಾರ್, ತೀರಾ ತೆಳ್ಳಗಾಯ್ತು ಅನ್ಸುತ್ತೆ. ಇನ್ನೊಂದ್ಸಲ ಮಾಡ್ಲಾ?”

“ನಂಗೇ ಹೇಳ್ಕೊಡ್ತೀಯೇನಮ್ಮ? ಹೋಗ್ ಕೂತ್ಕೋ.”

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳ ಏಳನ್ನು ಕೆಂಪು ಇಂಕಿನಲ್ಲಿ ಹೊಡೆದು ಹತ್ತು ಬರೆದೆ. ರಿಪೋರ್ಟ್ ನೋಡಿದ ಡಾಕ್ಟರು, ರಕ್ತ ಹಾಕುವ ಅಗತ್ಯವಿಲ್ಲವೆಂದು ಹೆಂಗಸನ್ನು ಊರಿಗೆ ಕಳಿಸಿದರು. ಎರಡು ವಾರ ಕಳೆದು ವಾರ್ಡಿನ ನರ್ಸ್ ಬಂದು ಹೇಳಿದರು, ಹೆರಿಗೆಯಲ್ಲಿ ರಕ್ತ ಹೋಗಿ ಆಕೆ ತೀರಿಕೊಂಡಳಂತೆ. ಹೆರಿಗೆ ಎಂದ ಮೇಲೆ ಹಾಗೂ ಆಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರು ತಿಂಗಳ ಮೇಲೆ ಕಣ್ಣಿನ ಡಾಕ್ಟರು ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಣ್ಣಗಳು ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತವೆ, ಪೊರೆ ಬಂದು ವರ್ಷವಾದರೂ ಆಗಿರಬೇಕು ಎಂದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಆ ಹುಡುಗಿಯ ಮುಂದಂತೂ ಇಲ್ಲವೇ ಇಲ್ಲ. ಆ ಹತ್ತು ನನ್ನ ಪ್ರಬಂಧದಲ್ಲೂ ಹಾಗೇ ಉಳಿಯಿತು. ಪ್ರಬಂಧಕ್ಕೆ ಪದವಿಯೂ ಬಂತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಪರೀಕ್ಷಕನಾಗಿ ಗುಬ್ಬಿಗೆ ಹೋದೆ. ಅಲ್ಲಿ ಪಾಠ ಹೇಳುತ್ತಿದ್ದವಳು ಅದೇ ಹುಡುಗಿ. ಈಗ ಮೇಜಿನ ಮೇಲೆ ಯಂತ್ರವಿತ್ತು, ಕಣ್ಣಿಗೆ ಕೆಲಸವಿರಲಿಲ್ಲ. ನನ್ನನ್ನು ಕೂರಿಸಿ, ಟೀ ತರಿಸಿಕೊಟ್ಟು, ತನ್ನ ವಿದ್ಯಾರ್ಥಿಗಳ ಕಡೆ ತಿರುಗಿದಳು.

“ನಾನೊಂದ್ಸಲ ಬಸುರಿ ಒಬ್ರಿಗೆ ಏಳು ಅಂತ ಬರ್ದ್‌ಬಿಟ್ಟಿದ್ದೆ ಕಣ್ರೋ. ಸಾರ್ ನೋಡಿ ತಿದ್ದಿದ್ರು. ಇಲ್ದಿದ್ರೆ ಆಯಮ್ಮಂಗೆ ಸುಮ್‌ಸುಮ್ನೆ ರಕ್ತ ಏರಿಸ್ಬಿಡೋರು. ಅವತ್ತಿಂದ ನನ್ ಕಣ್ಣನ್ನ ನಾನು ನಂಬೋದಿಲ್ಲ.”

ಹುಡುಗ ಹುಡುಗಿಯರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಹೇಳಿಬಿಡೋಣವೆಂದು ಬಾಯಿ ತೆರೆದೆ.

“ಟೀಗೆ ಸಕ್ಕರೆ ಜಾಸ್ತಿಯಾಯ್ತಮ್ಮ” ಎಂದೆ.