ಕೋಟೆಗೆ ಅಂಟಿದ ಸೊಗಡು

ಬೀಗರ ಊರಲ್ಲಿ ಕೋಟೆ ಇರಬಾರದು. ಇದ್ದರೂ ಚಿತ್ರದುರ್ಗದಂಥದ್ದು ಇರಬಾರದು. ನಮ್ಮ ಸೊಸೆಯ ತಂದೆ ಶುಭೋದಯದ ನೆಪದಲ್ಲಿ ದಿನವೂ ವಾಟ್ಸಾಪಿಗೆ ಒಂದು ಬುರುಜನ್ನೋ ಬಾಗಿಲನ್ನೋ ಕಳಿಸುತ್ತಾರೆ. ಹೀಗೇ ಬಿಟ್ಟರೆ ಏಳು ಸುತ್ತೂ ನಮ್ಮ ಮನೆ ಸೇರುತ್ತವೆಂದು ಹೆದರಿ, ಮುಳಬಾಗಿಲು ಸೀಮೆಯ ಮಾನ ಕಾಯುವ ಹೊಣೆ ಹೊತ್ತೆ. ನಮ್ಮ ಬೆಟ್ಟದ ಮೇಲೂ ಕೋಟೆಯಿದೆ. ಮಾಗಿಯ ಎಳೆಬಿಸಿಲಲ್ಲಿ ಅದರದೊಂದು ಚಿತ್ರ ಸಾಕು, ಬೀಗರು ತೆಪ್ಪಗಾಗಲು.

ಮಂಕಿ ಕ್ಯಾಪ್ ಧರಿಸಿ ದಂಡಯಾತ್ರೆ ಹೊರಟೆ. ಸೇನೆಯೆಂದರೆ ನನ್ನಾಕೆ ಪದ್ಮ. ಬುಡಕ್ಕೆ ಹೋದರೆ ಬೆಟ್ಟವೇ ಇಲ್ಲ, ಎಲ್ಲ ಮಂಜು. ಶಾಸ್ತ್ರಕಾರರು ಗಿರಿದುರ್ಗ, ಜಲದುರ್ಗ, ವನದುರ್ಗ ಎಂದೆಲ್ಲ ಬರೆದು ಮಂಜುದುರ್ಗವನ್ನು ಬಿಟ್ಟದ್ದು, ಅವರಾರೂ ಚಳಿಗಾಲದಲ್ಲಿ ಈ ಕಡೆ ಬಾರದ್ದರಿಂದಲೇ ಇರಬೇಕು.

ರಸ್ತೆ ಬದಿ ಒಬ್ಬಾಕೆ ಆಗತಾನೇ ಕಿತ್ತ ಅವರೆಕಾಯಿ ಸುರಿದುಕೊಂಡು ಕೂತಿದ್ದಳು. ತೆಲುಗಿನಲ್ಲಿ ನಮ್ಮನ್ನು ಕರೆದು, ಕನ್ನಡದಲ್ಲಿ ಕಾಯಿಯನ್ನು ಹೊಗಳಿದಳು. ನಮ್ಮ ಕಡೆಯವರು ಅವರೆ ರಾಶಿಯ ಮುಂದೆ ಸುಮ್ಮನೆ ನಿಂತ ಉದಾಹರಣೆ ಇತಿಹಾಸದಲ್ಲಿಲ್ಲ. ಮಂಜು ಕರಗುವ ತನಕ ನಾನೂ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಹಿಸುಕಿ, ಮೂಸಿ, ಚೀಲಕ್ಕೆ ಹಾಕಿದೆ. ಇಬ್ಬನಿ ಕುಡಿದ ಕಾಯಿಯ ಸೊಗಡು ಬೆರಳಿಗೆ ಎಣ್ಣೆಯಂತೆ ಹತ್ತಿತು. ಅದೇ ಬೆರಳಲ್ಲಿ ಫೋನು ಹಿಡಿದು ಬೆಟ್ಟ ಹತ್ತಿದೆ.

ಮೇಲೆ ಹೋಗುವಷ್ಟರಲ್ಲಿ ಬಿಸಿಲು ಬಿದ್ದು ಕಲ್ಲುಗೋಡೆ ಹೊಳೆಯುತ್ತಿತ್ತು. ಫೋನಿನಲ್ಲಿ ಮಾತ್ರ ಮಂಜು ಕದಲಲಿಲ್ಲ.

"ಮಂಜು ಎಲ್ಲಿದೆ ರೀ? ಕಣ್ ಬಿಟ್ಟು ನೋಡಿ," ಎಂದಳು ಪದ್ಮ.

ಮನುಷ್ಯರ ಕಣ್ಣಿಗೆ ಕಾಣದ ಸೂಕ್ಷ್ಮ ಮಂಜು ಯಂತ್ರಕ್ಕೆ ಕಾಣುತ್ತದೆಂದು ಗಂಭೀರವಾಗಿ ತಿಳಿಹೇಳಿ, ಮನಸಾರೆ ಕ್ಲಿಕ್ಕಿಸಿ, ಎಲ್ಲವನ್ನೂ ಅಲ್ಲಿಂದಲೇ ಬೀಗರಿಗೆ ರವಾನಿಸಿದೆ.

ಮಧ್ಯಾಹ್ನ ಅವರೆಕಾಳು ಸಾರಿನ ಚಿತ್ರ ತೆಗೆಯಹೋದರೆ ಅಡುಗೆಮನೆಯಲ್ಲೂ ಮಂಜು. ಪದ್ಮ ಫೋನು ಕಸಿದುಕೊಂಡು, ಅದರ ಕ್ಯಾಮೆರಾ ಕಣ್ಣನ್ನು ಸೆರಗಿನ ತುದಿಯಿಂದ ಒರೆಸಿ, ತುದಿಯನ್ನು ಮೂಸಿ, ಒಲೆಯ ಕಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಬೀಗರ ಫೋನು ಬಂತು.

"ಬೀಗರೇ, ಬೆಳಗಿಂದ ಹುಡುಕ್ತಾ ಇದೀನಿ. ಕೋಟೆ ಎಲ್ಲಿ?"

"ಸಿಗಲ್ಲ ಬಿಡಿ. ಶತ್ರು ಕಣ್ಣಿಗೆ ಕಂಡ್ರೆ ಅದೇನ್ ಕೋಟೆ?"

ಬೀಗರು ಬಿಡಲಿಲ್ಲ; ಬರುವ ಶನಿವಾರವೇ ಸಂಸಾರ ಸಮೇತ ಬಂದು ಕಣ್ಣಾರೆ ನೋಡಿಯೇ ತೀರುವುದಾಗಿ ಸಾರಿದರು.

ಚಿತ್ರ ಚೆನ್ನಾಗಿ ಬಂದಿದ್ದರೆ ಅವರು ಅಲ್ಲಿಂದಲೇ ಒಂದು ಹೆಬ್ಬೆರಳೆತ್ತಿ ಮುಗಿಸುತ್ತಿದ್ದರು. ಯಾರನ್ನೂ ಒಳಗೆ ಬಿಡಬಾರದೆಂದು ಕಟ್ಟಿದ ಕೋಟೆ, ನೆಟ್ಟಗೆ ಕಾಣಿಸದ ಒಂದೇ ಕಾರಣಕ್ಕೆ, ನೆಂಟರನ್ನು ಊಟಕ್ಕೆ ಕರೆಸಿಕೊಂಡಿತು.