ನನ್ನ ಮಗಳು ತಪ್ಪಿ ಮಲಗಿದ ಮಡಿಲು

ಕಳೆದ ವಾರ ಉಳ್ಳಾಲದ ಕಡೆ ಒಂದು ಮದುವೆಗೆ ಹೋಗಿದ್ದೆ. ಹೆಂಗಸರ ಹಾಲಿನಲ್ಲಿ ಬಿರಿಯಾನಿಯ ಹಬೆ, ಅತ್ತರು, ಮಕ್ಕಳ ಗಲಾಟೆ. ಆ ನಡುವೆ ಬುರ್ಖಾ ಹಾಕಿದ ಒಬ್ಬರು ನನ್ನ ಪಕ್ಕದಲ್ಲೇ ದಾಟಿ ಹೋದರು. ಮುಖ ಕಾಣಲಿಲ್ಲ. ಶಾಲಿನ ಒಳಗಿಂದ ಮಲ್ಲಿಗೆಯ ವಾಸನೆ ಮಾತ್ರ ಬಂತು, ಸೆಕೆಗೆ ಸ್ವಲ್ಪ ಬಾಡಿದ ಮಲ್ಲಿಗೆ... ನನಗೇ ತಿಳಿಯದೆ ನಾಲ್ಕು ಹೆಜ್ಜೆ ಅವರ ಹಿಂದೆ ಹೋಗಿಬಿಟ್ಟೆ.

ಹೀಗೆ ಮಲ್ಲಿಗೆಯ ಹಿಂದೆ ಹೋದವಳು ನಾನು ಮೊದಲನೆಯವಳಲ್ಲ. ನನ್ನ ಮಗಳು ಹೋಗಿದ್ದಳು, ಐದು ವರ್ಷದವಳಿದ್ದಾಗ, ಕಡಲಿನ ನಡುವೆ.

ನಮ್ಮವರು ಸೌದಿಯ ಅಭಾದಲ್ಲಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು. ಎರಡು ಸಾವಿರದ ಹದಿಮೂರರಲ್ಲಿ ಅವರನ್ನು ಫರಸಾನ್ ದ್ವೀಪದ ಆಸ್ಪತ್ರೆಗೆ ವರ್ಗ ಮಾಡಿದರು. ಜಿಜಾನ್ ಬಂದರಿನಿಂದ ಹಡಗಿನಲ್ಲಿ ಒಂದು ಗಂಟೆಗಿಂತ ಹೆಚ್ಚಿನ ದಾರಿ. ಸುದ್ದಿ ಹೇಳಿದಾಗ ಊರಿನಿಂದ ನನ್ನನ್ನು ಹೆತ್ತ ಉಮ್ಮ ಫೋನಿನಲ್ಲೇ ಅಳಲು ಶುರು ಮಾಡಿದರು.

“ಸುತ್ತ ನೀರಾ? ಅಲ್ಲಿ ಎಂತ, ಮನುಷ್ಯರು ಇದ್ದಾರಾ?”

“ಆಸ್ಪತ್ರೆ ಇದೆಯಂತೆ ಉಮ್ಮ. ಹಾಗಾದರೆ ರೋಗಿಗಳಾದರೂ ಇರಬೇಕಲ್ಲ” ಎಂದೆ. ನಗಿಸಲು ಹೇಳಿದ ಮಾತು, ಆದರೆ ನನಗೂ ಒಳಗೊಳಗೇ ಹೆದರಿಕೆ ಇತ್ತು. ಅಭಾದಲ್ಲಿ ಮೂರು ವರ್ಷ ಕಳೆದಿದ್ದರೂ ಪಕ್ಕದ ಮನೆಯವರ ಮುಖ ನೋಡಿರಲಿಲ್ಲ. ಪರದೇಶದೊಳಗೆ ಇನ್ನೊಂದು ಪರದೇಶಕ್ಕೆ ಹೊರಟ ಹಾಗಿತ್ತು.

ಜಿಜಾನಿನ ರಸ್ತೆಬದಿಯಲ್ಲಿ ಮಲ್ಲಿಗೆ ಮಾರುತ್ತಿದ್ದರು. ಆ ಸೀಮೆಯ ಹೆಂಗಸರಿಗೆ ಮಲ್ಲಿಗೆ ಎಂದರೆ ಪ್ರಾಣ ಎಂದು ನನಗಾಗ ಗೊತ್ತಿರಲಿಲ್ಲ. ನಮ್ಮವರು ಕಾರು ನಿಲ್ಲಿಸಿ ಒಂದು ಮಾಲೆ ತಂದುಕೊಟ್ಟರು. ನಮ್ಮ ಶಂಕರಪುರ ಮಲ್ಲಿಗೆಯ ಅಕ್ಕನ ಹಾಗಿತ್ತು. ಊರು ಬಿಟ್ಟ ಮೇಲೆ ಮೊದಲ ಸಲ ಹೂ ಮುಡಿದೆ. ಮಗಳು ನನ್ನ ಕುತ್ತಿಗೆಗೆ ಮೂಗು ಒತ್ತಿ, “ಉಮ್ಮ, ಇವತ್ತು ನಿಮಗೆ ಒಳ್ಳೆ ವಾಸನೆ” ಎಂದಳು.

ಹಡಗಿನಲ್ಲಿ ಹೆಂಗಸರಿಗೆ ಬೇರೆ ಹಾಲ್, ಗಂಡಸರಿಗೆ ಬೇರೆ. ಮಗಳು ಸ್ವಲ್ಪ ಹೊತ್ತು ನನ್ನ ಹತ್ತಿರ ಕೂತಳು, ಆಮೇಲೆ ತಂದೆಯ ಹತ್ತಿರ ಹೋಗಬೇಕು, ಉಪ್ಪ ಬೇಕು ಎಂದು ಹಟ ಹಿಡಿದಳು. ಬಾಗಿಲವರೆಗೆ ಕರೆದುಕೊಂಡು ಹೋಗಿ ಅವರ ಕೈಗೆ ಕೊಟ್ಟು ಬಂದೆ. ಅಲೆಗಳಿಗೆ ನನಗೆ ತಲೆ ಸುತ್ತಿ ವಾಂತಿ ಬಂದು, ಬಾಗಿಲಾಚೆಯ ಬಚ್ಚಲಿನಿಂದ ಹೊರಗೆ ಬರಲಾಗಲಿಲ್ಲ. ಅಷ್ಟರಲ್ಲಿ ದ್ವೀಪ ಹತ್ತಿರ ಬಂತು. ಹಡಗಿನ ತಳದಲ್ಲಿ ಕಾರು ಇಟ್ಟವರೆಲ್ಲ ಕೆಳಗೆ ಬನ್ನಿ ಎಂದರಂತೆ. ಇವರು ಅವಸರದಲ್ಲಿ ಮಗಳನ್ನು ನಮ್ಮ ಬಾಗಿಲಿಗೆ ತಂದು, “ಅಗೋ ಉಮ್ಮ, ಹೋಗು” ಎಂದು ಒಳಗೆ ಬಿಟ್ಟು ಕೆಳಗಿಳಿದರು. ಬಾಗಿಲ ಎದುರಿಗೆ ನನ್ನ ಹಾಗೇ ಮುಖ ಮುಚ್ಚಿ ಕೂತಿದ್ದ ಕಪ್ಪು ಅಬಾಯಾದವರನ್ನು ನಾನೆಂದೇ ತಿಳಿದಿದ್ದರು.

ಮಗು ಉಪ್ಪ ತೋರಿಸಿದ ಕಡೆಗೇ ಹೋದಳು.

ನಾನು ಮುಖ ತೊಳೆದು, ಮಗು ಉಪ್ಪನ ಹತ್ತಿರ ಇದ್ದಾಳಲ್ಲ ಎಂಬ ಧೈರ್ಯದಲ್ಲಿ, ಹಾಲ್ ಒಳಗೆ ಮತ್ತೆ ಹೋಗದೆ ಹೆಂಗಸರ ಗುಂಪಿನ ಜೊತೆ ಇಳಿದು ದಡಕ್ಕೆ ಬಂದೆ. ಕಾರಿನ ಬಾಗಿಲು ತೆಗೆದರೆ ಹಿಂದಿನ ಸೀಟು ಖಾಲಿ.

“ಮಗು ಎಲ್ಲಿ?” ಎಂದು ನಾನು ಕೇಳುವುದೂ, “ಮಗು ಎಲ್ಲಿ?” ಎಂದು ಅವರು ಕೇಳುವುದೂ ಒಂದೇ ಸಲ ಆಯಿತು.

ಆ ಹೊತ್ತನ್ನು ಈಗಲೂ ಪೂರ್ತಿ ನೆನೆಯಲು ಧೈರ್ಯ ಬರುವುದಿಲ್ಲ. ಹಡಗಿನ ಸುತ್ತ ಅಷ್ಟು ನೀರು... ವಾಪಸು ಹೋಗುವವರು ಆಗಲೇ ಸಾಲು ನಿಂತಿದ್ದರು. ನಾನು ಅವರನ್ನೆಲ್ಲ ತಳ್ಳಿಕೊಂಡು ಓಡಿದೆ. ಏಳನೇ ವರ್ಷದಲ್ಲಿ ಮದ್ರಸದಲ್ಲಿ ಕುರ್‌ಆನ್ ಓದಿ ಮುಗಿಸಿದ ನಾಲಿಗೆ ಇದು. ಅದೇ ಭಾಷೆಯಲ್ಲಿ ‘ನನ್ನ ಮಗು ಕಾಣುತ್ತಿಲ್ಲ’ ಎನ್ನಲು ಅದಕ್ಕೆ ಬರಲಿಲ್ಲ. “ಬಿಂತಿ, ಬಿಂತಿ” ಎಂದು ಕೂಗಿದೆ. ನನ್ನ ಮಗಳು, ನನ್ನ ಮಗಳು. ಅಷ್ಟೇ ಗೊತ್ತಿದ್ದದ್ದು.

ಹೆಂಗಸರ ಹಾಲ್ ಪೂರ್ತಿ ಖಾಲಿಯಾಗಿತ್ತು. ಬಾಗಿಲ ಎದುರಿನ ಸೀಟಿನಲ್ಲಿ ಒಬ್ಬ ಮುದುಕಿ ಮಾತ್ರ ಕೂತಿದ್ದರು. ಮಡಿಲಲ್ಲಿ ನನ್ನ ಮಗಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಹಡಗಿನ ಕೆಲಸದವನೊಬ್ಬ ಬಾಗಿಲಲ್ಲಿ ನಿಂತು, ಇಳಿಯಿರಿ ಎಂದು ಕೈ ಮಾಡುತ್ತಿದ್ದ. ಅವರು ಜಪ್ಪಯ್ಯ ಎಂದರೂ ಏಳಲಿಲ್ಲ.

ನನ್ನನ್ನು ಕಂಡದ್ದೇ ಕೈ ಎತ್ತಿ ಅರಬಿಯಲ್ಲಿ ಉದ್ದಕ್ಕೆ ಏನೋ ಹೇಳಿದರು. ದೇವರಲ್ಲಿ ಬೇಡಿ ದುಆ ಮಾಡುತ್ತಿದ್ದಾರೆಂದುಕೊಂಡು ನಾನು ಅಳುತ್ತಲೇ “ಆಮೀನ್” ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಮೈ ಕುಲುಕಿಸಿ ನಕ್ಕರು. ಮಗಳನ್ನು ಎತ್ತಿಕೊಳ್ಳಲು ಬಗ್ಗಿದಾಗ ಅವರ ಶಾಲಿನೊಳಗಿಂದ ಮಲ್ಲಿಗೆ ಘಮ್ಮೆಂದಿತು. ನನ್ನದೇ ವಾಸನೆ.

ನಮಗೆ ಕೊಟ್ಟ ಮನೆಯಿಂದ ಎರಡು ಗೋಡೆ ಆಚೆ ಅವರ ಮನೆ ಎಂದು ಮೂರನೇ ದಿನ ಗೊತ್ತಾಯಿತು, ಬೇಯಿಸಿದ ಮೀನಿನ ತಟ್ಟೆ ಹಿಡಿದು ಅವರೇ ಬಂದಾಗ. ಎಲ್ಲರೂ ಅವರನ್ನು ಖಾಲಾ ಎನ್ನುತ್ತಿದ್ದರು, ಎಂದರೆ ಚಿಕ್ಕಮ್ಮ. ನಾವೂ ಹಾಗೇ ಕರೆದೆವು. ಅಲ್ಲಾಹನ ಸಣ್ಣ ಸಣ್ಣ ಕರುಣೆಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ಆ ದ್ವೀಪದಲ್ಲಿ ನಾನು ಎಣಿಸಿದ್ದರಲ್ಲಿ ಖಾಲಾ ಮೊದಲನೆಯ ಬೆರಳು.

ಅವರಿಗೆ ಓದಲು ಬರುತ್ತಿರಲಿಲ್ಲ. ಅವರ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ಶಾಲೆ ಇರಲಿಲ್ಲವಂತೆ. ನನಗೆ ಓದಲು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಇದು ತಿಳಿದ ದಿನ ಖಾಲಾ ನನ್ನ ತೊಡೆಗೆ ಒಂದು ಪೆಟ್ಟು ಕೊಟ್ಟು, “ಯಲ್ಲಾ, ಓದು” ಎಂದರು. ಅಂದಿನಿಂದ ಸಂಜೆಯ ಅಸರ್ ನಮಾಜು ಮುಗಿದರೆ ನಾನು ಕುರ್‌ಆನ್ ತೆಗೆದುಕೊಂಡು ಅವರ ಮನೆಗೆ ಹೋಗುತ್ತಿದ್ದೆ. ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ನಿಲ್ಲಿಸಿ, ಕೈಬಾಯಿ ಸನ್ನೆಯಲ್ಲಿ ಅರ್ಥ ಹೇಳುತ್ತಿದ್ದರು. ಮಹಾಪ್ರಳಯದ ನೂಹ್ ನಬಿಯ ಹಡಗಿನ ಕಥೆ ಬಂದಾಗ ಎದ್ದು ನಿಂತು ತೂರಾಡಿ ತೋರಿಸಿದರು. ಆಮೇಲೆ ವಾಂತಿ ಮಾಡುವ ಹಾಗೆ ಮಾಡಿ ನನ್ನತ್ತ ಬೆರಳು ತೋರಿಸಿದರು!

ವರ್ಷ ಕಳೆಯುವಷ್ಟರಲ್ಲಿ ನನಗೆ ಅವರ ಮಾತು ತಿಳಿಯತೊಡಗಿತು. ಒಂದು ದಿನ ಕೇಳಿದೆ, “ಖಾಲಾ, ಅವತ್ತು ಹಡಗಿನಲ್ಲಿ ನೀವು ಏನು ದುಆ ಮಾಡಿದಿರಿ?”

“ದುಆ ಎಲ್ಲಿಂದ? ‘ನಿನ್ನ ಮಗಳ ಭಾರಕ್ಕೆ ನನ್ನ ಕಾಲು ಸತ್ತುಹೋಗಿದೆ, ಬೇಗ ತೆಗೆ’ ಎಂದೆ. ನೀನು ಆಮೀನ್ ಎಂದೆ!”

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ಇಳಿದ ಮೇಲೆ, ಎದ್ದು ತಾಯಿಯನ್ನು ಹುಡುಕಬಹುದಿತ್ತಲ್ಲ, ಕೆಲಸದವರ ಕೈಗೆ ಕೊಡಬಹುದಿತ್ತಲ್ಲ ಎಂದೆ.

“ಗುರುತಿಲ್ಲದ ಗಂಡಸರ ಕೈಗೆ ಹೆಣ್ಣುಮಗುವನ್ನು ಕೊಡುವುದಾ? ತಾಯಿ ಎಂದುಕೊಂಡು ಮಲಗಿದವಳು. ಎದ್ದು ನೋಡಿದಾಗ ತಾಯಿಯೇ ಇರಬೇಕು. ಹಡಗು ವಾಪಸು ಜಿಜಾನಿಗೆ ಹೋಗಿದ್ದರೆ ನಾನೂ ಹೋಗುತ್ತಿದ್ದೆ.”

ದಡದಲ್ಲಿ ಅವರ ಮಗ ಕಾರಿನ ಹಾರ್ನ್ ಒತ್ತಿ ಒತ್ತಿ ಸಾಕಾಗಿದ್ದನಂತೆ.

ನಾಲ್ಕು ವರ್ಷದ ಮೇಲೆ ಕೆಲಸ ಮುಗಿದು ನಾವು ಊರಿಗೆ ಹೊರಟೆವು. ಆಗ ಓದು ಹತ್ತೊಂಬತ್ತನೇ ಅಧ್ಯಾಯ, ಸೂರಾ ಮರ್ಯಮ್‌ವರೆಗೆ ಬಂದಿತ್ತು. ನಾಳೆಯಿಂದ ಮರ್ಯಮ್ ಎಂದುಕೊಂಡಿದ್ದೆವು, ಅಷ್ಟರಲ್ಲಿ ಟಿಕೆಟ್ ಬಂತು. ಖಾಲಾ ಬಂದರಿಗೆ ಬಂದು, ಒಂಬತ್ತು ವರ್ಷದ ನನ್ನ ಮಗಳ ಕೈಗೆ ಮಲ್ಲಿಗೆ ಸುತ್ತಿ, “ಈ ಸಲ ಸರಿಯಾದ ಮಡಿಲು ನೋಡಿ ಮಲಗು” ಎಂದರು. ನನಗೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ... ಹೇಳಬಹುದಿತ್ತು, ಆಗ ಭಾಷೆ ಬರುತ್ತಿತ್ತಲ್ಲ.

ಮರುವರ್ಷ ರಮಳಾನಿನ ಉಪವಾಸದ ತಿಂಗಳಲ್ಲಿ, ಅಲ್ಲಿದ್ದ ಮಲಯಾಳಿ ನರ್ಸ್ ಒಬ್ಬರು ವಾಟ್ಸಾಪಿನಲ್ಲಿ ಸುದ್ದಿ ಕಳಿಸಿದರು. ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ಅಲ್ಹಮ್ದುಲಿಲ್ಲಾ ಎಂದೆ. ಅದೂ ಒಂದು ಕರುಣೆಯೇ. ಆ ತಿಂಗಳು ಉಳಿದ ಭಾಗವನ್ನು ಒಬ್ಬಳೇ ಓದಿ ಮುಗಿಸಿ, ಪುಣ್ಯ ಅವರಿಗೆ ಸೇರಲಿ ಎಂದು ಬೇಡಿದೆ. ಮರ್ಯಮ್ ಓದುವಾಗ ಮಾತ್ರ ಎರಡು ಮೂರು ಕಡೆ ತಾನಾಗಿ ನಿಲ್ಲಿಸಿದೆ, ಯಾರಾದರೂ ಅರ್ಥ ಹೇಳುತ್ತಾರೋ ಎಂಬ ಹಾಗೆ.

ಕಳೆದ ವಾರದ ಮದುವೆಯಲ್ಲಿ ಆ ಬುರ್ಖಾದವರು ತಿರುಗಿ ನೋಡಿದರು. ಕಣ್ಣಿಗೆ ಸುರ್ಮಾ ಹಚ್ಚಿದ, ಇಪ್ಪತ್ತೂ ದಾಟದ ಹುಡುಗಿ.

“ಎಂತ ಆಂಟಿ, ಯಾರು ಬೇಕಿತ್ತು?”

“ಯಾರಿಲ್ಲಮ್ಮ. ತಪ್ಪಿ ಬಂದೆ” ಎಂದೆ.

ಅಷ್ಟರಲ್ಲಿ ಹಿಂದಿನಿಂದ ನನ್ನ ಮಗಳು ಬಂದು ಭುಜ ಹಿಡಿದಳು. ಈಗ ನನಗಿಂತ ಎತ್ತರ ಇದ್ದಾಳೆ. “ಎಲ್ಲಿಗೆ ಹೋದಿರಿ ಉಮ್ಮ? ಅಷ್ಟು ಬುರ್ಖಾದ ನಡುವೆ ಹೇಗೆ ಹುಡುಕುವುದು ನಿಮ್ಮನ್ನು?” ಎಂದು ಬೈದಳು. ಬೈಯಲಿ. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಊಟದ ಸಾಲಿಗೆ ಹೋದೆ.