ಮೊಲದ ನೀರಿಗೆ ಸುಣ್ಣದ ತಿಳಿ

ಬೀರಪ್ಪ ಕಾಕಾ ಮೆಲ್ಲಗೆ ಊದಿದರೆ ಸಾಕು, ಮೊಲದ ಕಿವಿಯ ನರ ಎದ್ದು ಕಾಣುತ್ತಿತ್ತು. ರಕ್ತ ತೆಗೆಯಲು ನಾನು ಎಷ್ಟು ಉಜ್ಜಿದರೂ ಸಿಗದ ನರ ಅದು. ‘ಅಂಜಿಸಿದ್ರ ರಕ್ತ ಒಳಗ ಸರಿತೈತ್ರಿ ಸರ. ಮೊದ್ಲ ಮಾತಾಡಿಸ್ಬೇಕು,’ ಎನ್ನುತ್ತಿದ್ದ.

ಶಿರೂರಿನಲ್ಲಿ ಕುರಿ ಕಾಯ್ದು ಬೆಳೆದ ಕಾಕಾ, ಎಂಬತ್ತರ ದಶಕದಲ್ಲಿ ವಿದ್ಯಾಗಿರಿಯ ನಮ್ಮ ಕಾಲೇಜಿನ ಮೊಲಗಳನ್ನು ನೋಡಿಕೊಳ್ಳುತ್ತಿದ್ದ. ಎತ್ತಿನ ಜೊಲ್ಲುಗ್ರಂಥಿಯ ಹಾರ್ಮೋನು ಚುಚ್ಚಿದರೆ ಮೊಲದ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆಯೇ ಎಂಬುದು ನನ್ನ ಪಿಎಚ್.ಡಿ. ವಿಷಯ. ಜೊಲ್ಲಿನ ಔಷಧ ಎಂದಷ್ಟೇ ಕಾಕಾನಿಗೆ ಹೇಳಿದ್ದೆ. ಅವನಿಗೆ ನಗುವೋ ನಗು. ‘ಜೊಲ್ಲಿನ್ಯಾಗ ಔಷಧ ಇದ್ದಿದ್ರ ನಮ್ಮ ಎಮ್ಮಿ ಡಾಕ್ಟರ್ ಆಗಿರ್ತಿತ್ರಿ!’

ಮೂರು ತಿಂಗಳು ಚುಚ್ಚಿದೆ. ಕ್ಯಾಲ್ಸಿಯಂ ಕದಲಲಿಲ್ಲ. ಈ ಹಾರ್ಮೋನಿನಿಂದ ಏನೂ ಆಗದು ಎಂದು ವರದಿ ಬರೆಯುತ್ತ ಕುಳಿತಾಗ ಕಾಕಾ ಬಂದು, ಏನು ಬರೆಯುತ್ತಿದ್ದೀರಿ ಎಂದು ಕೇಳಿದ. ರಕ್ತದಲ್ಲಿನ ಸುಣ್ಣದಂಶ ಇಳಿಯಲೇ ಇಲ್ಲ ಎಂದೆ. ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

‘ಅದನ್ನ ಬರೀಬ್ಯಾಡ್ರಿ ಸರ. ತಪ್ಪು ನಂದೈತಿ.’

ಸೂಜಿ ಚುಚ್ಚಿದ ಮೊಲಗಳು ಮಂಕಾಗುವುದನ್ನು ಕಂಡು ಅವನಿಗೆ ಸಂಕಟವಾಗುತ್ತಿತ್ತಂತೆ. ಈದ ಕುರಿ ನಿತ್ರಾಣವಾದರೆ ಅವರ ಮನೆಯಲ್ಲಿ ಸುಣ್ಣದ ತಿಳಿ ಕುಡಿಸುವ ರೂಢಿ. ದಿನಾ ತನ್ನ ಎಲೆಯಡಿಕೆ ಡಬ್ಬಿಯ ಸುಣ್ಣ ಕದಡಿ, ಮೇಲಿನ ತಿಳಿಯನ್ನು ಮೊಲಗಳ ನೀರಿಗೆ ಹಾಕಿದ್ದ. ನಾನು ಇಳಿಸಲು ಹೊರಟದ್ದನ್ನೇ ಅವನು ತುಂಬಿಸುತ್ತಿದ್ದ!

ಸಿಟ್ಟು ನೆತ್ತಿಗೇರಿತು. ‘ನೌಕರಿ ಹೋಗತೈತಿ ಅಂತ ಗೊತ್ತೈತಿಲ್ಲೋ?’ ಎಂದು ಕೂಗಾಡಿದೆ.

‘ಗೊತ್ತೈತ್ರಿ. ಆದ್ರ ಸುಳ್ಳು ಒಮ್ಮಿ ಅಚ್ಚಾತಂದ್ರ ಅಳಸೋರು ಯಾರ್ರಿ?’

ವರದಿ ಹರಿದು ಹಾಕಿ ಮೊದಲಿನಿಂದ ಶುರು ಮಾಡಿದೆ. ಯಾರಿಗೂ ದೂರು ಹೇಳಲಿಲ್ಲ. ಕಾಕಾ ದಿನಾ ಬಂದೊಡನೆ ಸುಣ್ಣದ ಡಬ್ಬಿ ನನ್ನ ಮೇಜಿನ ಮೇಲಿಡುತ್ತಿದ್ದ. ‘ನಿಮ್ಮ ಕಡೆ ಇರ್ಲಿರಿ. ನನ್ನ ಕೈ ಸುಮ್ನಿರೂದಿಲ್ಲ.’

ಈ ಸಲ ಕ್ಯಾಲ್ಸಿಯಂ ಇಳಿಯಿತು. ನಾನು ಕುಣಿದಾಡಿದೆ. ಕಾಕಾ ಪಂಜರದ ಕಡೆ ನೋಡಿ, ‘ನೀವು ಪಾಸಾದ್ರಿ. ಪಾಪ, ಅವು ಸೊರಗಿದ್ವು,’ ಎಂದ. ಡಬ್ಬಿ ವಾಪಸು ಕೊಟ್ಟು, ಇನ್ನು ಬೇಕಾದಷ್ಟು ಕುಡಿಸು ಎಂದೆ. ಅವನು ಓಡಿದ ಓಟ ಇನ್ನೂ ಕಣ್ಣಮುಂದಿದೆ.

ಮರುವರ್ಷ ಅವನು ಕೆಲಸ ಬಿಟ್ಟು ಊರಿಗೆ ಹೋದ. ಕೃತಜ್ಞತೆಯ ಪುಟದಲ್ಲಿ ಅವನ ಹೆಸರಿದ್ದ ಪ್ರಬಂಧವನ್ನು ಹಿಡಿದು ನಾನು ಶಿರೂರಿಗೆ ಹೋಗುವಷ್ಟರಲ್ಲಿ ಕಾಕಾ ತೀರಿಕೊಂಡು ಎಂಟು ದಿನವಾಗಿತ್ತು. ಹೆಸರು ಓದಿ ಹೇಳಿದಾಗ ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಸರ್‌ದು ಮೂರು ತಿಂಗಳು ಹಾಳು ಮಾಡಿದ್ನಿ ಅಂತ ಕಡೀತನಕ ಅಂತಿದ್ರು.’

ನನ್ನ ಹೆಸರಿನಲ್ಲೊಂದು ಸುಳ್ಳು ಅಚ್ಚಾಗದಂತೆ ತಡೆದವನು ಅವನು. ಅದನ್ನು ಅವನಿಗೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.